ಕೋಟೆ ಬೆಟ್ಟ, ಆಷಾಢದ ಗಾಳಿ, ಕೈಯಲ್ಲಿ ಡ್ರೋನ್: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಡ್ರೋನ್ ಹಾರಿಸುವ ಎಲ್ಲರಿಗೂ ಸೇರಿದ್ದು. ಭಾನುವಾರ ಬೆಳಗಿನ ಜಾವ ಬೆಂಗಳೂರು ಬಿಟ್ಟು ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಬರುವವರಿಗೂ, ಮದುವೆ, ಜಾತ್ರೆ, ಗೃಹಪ್ರವೇಶ ಎಂದು ವರ್ಷವಿಡೀ ಕೆಲಸ ಹಿಡಿಯುವ ನಮ್ಮೂರ ಸ್ಟುಡಿಯೋ ಹುಡುಗರಿಗೂ ಬೇರೆ ಬೇರೆ ಮಾತಿಲ್ಲ. ಮಲ್ಪೆ, ಮುರುಡೇಶ್ವರದ ಕಡಲ ದಂಡೆಯಲ್ಲಿ ಹಾರಿಸಿ ಪಳಗಿದವರು ‘ಇಲ್ಲೇನಿದೆ, ಬಯಲುಸೀಮೆ, ಮಳೆಯೇ ಬೀಳಲ್ಲ’ ಎಂದು ಧೈರ್ಯದಿಂದ ಬರುತ್ತಾರೆ. ಮಳೆ ಕಡಿಮೆ, ನಿಜ. ಆದರೆ ನಮ್ಮ ಕಡೆ ಡ್ರೋನ್ ಕೆಡವಲು ಮಳೆಯೇ ಬೇಕಿಲ್ಲ. ಗಾಳಿ ಇದೆ, ಬಂಡೆ ಇದೆ, ಬಂಡೆಯ ಸಂದಿನಲ್ಲಿ ಹೆಜ್ಜೇನಿದೆ. ಮೊದಲ ಎರಡರಿಂದ ನಿಮ್ಮ ದುಡ್ಡು ಹೋಗುತ್ತದೆ. ಮೂರನೆಯದರಿಂದ ಬೇರೆಯವರ ಪ್ರಾಣ ಹೋಗಬಹುದು. ಆದ್ದರಿಂದ ಕೆಳಗಿನ ಮಾತುಗಳನ್ನು ಸಲಹೆ ಎಂದು ಓದಬೇಡಿ.

ಮೊದಲು ಕಾಗದ

ದೇಶದ ಡ್ರೋನ್ ನಿಯಮಗಳು 2021ರ ಆಗಸ್ಟ್ 25ರಂದು ಬಂದವು. ಡ್ರೋನನ್ನು ಅದರ ಒಟ್ಟು ತೂಕದ ಮೇಲೆ ವಿಂಗಡಿಸುತ್ತಾರೆ. 250 ಗ್ರಾಂವರೆಗೆ ನ್ಯಾನೋ, ಅಲ್ಲಿಂದ 2 ಕಿಲೋವರೆಗೆ ಮೈಕ್ರೋ, 2ರಿಂದ 25 ಕಿಲೋವರೆಗೆ ಸಣ್ಣದು. ನಮ್ಮ ಕಡೆ ಕಾಣುವುದೆಲ್ಲ ಬಹುಪಾಲು ಮೊದಲ ಎರಡು ಬಗೆಯವು.

250 ಗ್ರಾಂ ದಾಟಿದ ಡ್ರೋನ್‌ಗೆ ನೋಂದಣಿ ಸಂಖ್ಯೆ ಮಾಡಿಸಿ, ಮೂರನೆಯವರಿಗೆ ಆಗುವ ನಷ್ಟಕ್ಕೆ ವಿಮೆ ಮಾಡಿಸಿ. ಸ್ವಂತ ಖುಷಿಗೆ ಮೈಕ್ರೋ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಮದುವೆಗೆ ದುಡ್ಡು ತೆಗೆದುಕೊಂಡು ಹಾರಿಸಿದರೆ ಅದು ವ್ಯಾಪಾರ, ಆಗ ಪ್ರಮಾಣಪತ್ರ ಬೇಕೇ ಬೇಕು. ಸ್ಟುಡಿಯೋದವರು ಇಲ್ಲಿ ಕಿವಿಗೊಡಿ. ಆಲ್ಬಂ, ವಿಡಿಯೋ, ಡ್ರೋನ್ ಎಲ್ಲ ಸೇರಿ ಒಂದು ಪ್ಯಾಕೇಜು ಎಂದು ಬಿಲ್ ಬರೆದ ಮೇಲೆ ‘ಡ್ರೋನ್ ಸುಮ್ಮನೆ ಹಾರಿಸಿದ್ದು’ ಎಂದರೆ ಯಾರೂ ನಂಬುವುದಿಲ್ಲ. ಪ್ರಮಾಣಪತ್ರಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು, 18 ವರ್ಷ ತುಂಬಿರಬೇಕು, ಮಾನ್ಯತೆ ಪಡೆದ ಶಾಲೆಯಲ್ಲಿ ತರಬೇತಿ ಮುಗಿಸಬೇಕು. ನಿಯಮ ಮೀರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಮದುವೆ ಸೀಸನ್ನಿನ ಲಾಭ ಅಲ್ಲಿಗೇ ಮುಗಿಯಿತು.

‘ನನ್ನದು 249 ಗ್ರಾಂ, ನನಗೆ ಯಾವ ನಿಯಮವೂ ಇಲ್ಲ’ ಎನ್ನಬೇಡಿ. ಪೈಲಟ್ ಪ್ರಮಾಣಪತ್ರ, ವಿಮೆಯಂಥ ಕೆಲವಕ್ಕೆ ವಿನಾಯಿತಿ ಇದೆ, ಅಷ್ಟೆ. ಹಾರಾಟಕ್ಕೆ ಬಿಡದ ಕೆಂಪು ವಲಯ ನಿಮಗೂ ಕೆಂಪೇ, ಎತ್ತರದ ಮಿತಿ ನಿಮಗೂ ಮಿತಿಯೇ.

ಹೊರಡುವ ಹಿಂದಿನ ದಿನ ಸರ್ಕಾರದ ವಾಯುಪ್ರದೇಶ ನಕ್ಷೆ ನೋಡಿ. ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ ಇರುತ್ತದೆ. ಹಸಿರಿನಲ್ಲಿ ನೆಲದಿಂದ 400 ಅಡಿ, ಅಂದರೆ 120 ಮೀಟರ್‌ವರೆಗೆ ಅನುಮತಿ ಕೇಳದೆ ಹಾರಿಸಬಹುದು. ಅದೇ ದಿನ ಬೆಳಗ್ಗೆ ಇನ್ನೊಮ್ಮೆ ನೋಡಿ, ಏಕೆಂದರೆ ಪೊಲೀಸ್ ವರಿಷ್ಠಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಯಾವುದೇ ಜಾಗವನ್ನು 96 ಗಂಟೆ ಮೀರದಂತೆ ತಾತ್ಕಾಲಿಕ ಕೆಂಪು ವಲಯ ಎಂದು ಘೋಷಿಸಬಹುದು. ಮಂತ್ರಿಗಳ ಕಾರ್ಯಕ್ರಮ, ಚುನಾವಣೆ, ದೊಡ್ಡ ಜಾತ್ರೆಗಳ ಹೊತ್ತಿನಲ್ಲಿ ಮೈಯೆಲ್ಲ ಕಣ್ಣಾಗಿರಿ. ಪಾವಗಡದಲ್ಲಿ ಇನ್ನೂ ಒಂದು ಪೇಚು. ಆ ತಾಲ್ಲೂಕಿಗೆ ಮೂರು ಕಡೆಯೂ ಆಂಧ್ರ. ನೀವು ನಿಂತಿರುವ ಹೊಲ ಕರ್ನಾಟಕದ್ದು, ಡ್ರೋನ್ ಹೋದ ಹೊಲ ಆಂಧ್ರದ್ದು ಎಂದಾದರೆ ಅಲ್ಲಿನ ಆದೇಶವೂ ನಿಮಗೆ ಅನ್ವಯಿಸುತ್ತದೆ. ಗಡಿ ಹಳ್ಳಿಗಳಲ್ಲಿ ಎರಡೂ ಕಡೆ ವಿಚಾರಿಸಿ.

ಹೆಲಿಕಾಪ್ಟರ್ ಸದ್ದು ಕಿವಿಗೆ ಬಿದ್ದ ಕ್ಷಣ ಡ್ರೋನ್ ಇಳಿಸಿ. ಎಲ್ಲಿದೆ ಎಂದು ಹುಡುಕುತ್ತ ನಿಲ್ಲಬೇಡಿ. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿದೆ. ನಮ್ಮ ಆಕಾಶ ಖಾಲಿ ಎಂಬ ಲೆಕ್ಕ ಇನ್ನು ನಡೆಯುವುದಿಲ್ಲ. ದಾರಿ ಬಿಡಬೇಕಾದವರು ಯಾವತ್ತೂ ನೀವೇ.

ಕೋಟೆಯಲ್ಲಿ

ಮಧುಗಿರಿ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಶಿರಾದ ಮಲಿಕ್ ರಿಹಾನ್ ದರ್ಗಾ, ಜುಮ್ಮಾ ಮಸೀದಿಗಳೂ ಹಾಗೆಯೇ. ಅಲ್ಲಿ ಡ್ರೋನ್ ಹಾರಿಸಲು ಇಲಾಖೆಯ ಲಿಖಿತ ಅನುಮತಿ ತನ್ನಿ. ನಕ್ಷೆಯಲ್ಲಿ ಹಸಿರು ಕಂಡಿತು ಎನ್ನುವುದು ಇಲಾಖೆಯ ಅನುಮತಿ ಅಲ್ಲ. ಕಾವಲುಗಾರ ತಲೆಯಾಡಿಸಿದ ಎನ್ನುವುದಂತೂ ಅಲ್ಲವೇ ಅಲ್ಲ. ಪಾಪ, ನಿಮ್ಮ ವಿಡಿಯೋ ಹರಿದಾಡಿದ ಮೇಲೆ ನೋಟಿಸು ಬರುವುದು ಅವನಿಗೆ. ಮಿಡಿಗೇಶಿ, ಚನ್ನರಾಯನದುರ್ಗ, ನಿಡಗಲ್ಲು, ಪಾವಗಡದ ಬೆಟ್ಟಗಳಿಗೆ ಹೋಗುವವರು ಆ ಜಾಗ ಅರಣ್ಯ ಇಲಾಖೆಯದೋ, ಪುರಾತತ್ವ ಇಲಾಖೆಯದೋ, ದೇವಸ್ಥಾನದ್ದೋ ಎಂದು ಮೊದಲೇ ತಿಳಿದುಕೊಳ್ಳಿ.

ಮಧುಗಿರಿ ಬೆಟ್ಟ ಹತ್ತುತ್ತ ಹಾರಿಸಬೇಡಿ. ಮೇಲಿನ ಭಾಗದಲ್ಲಿ ಬಂಡೆಗೆ ಕೊರೆದ ಕಚ್ಚುಗಳಲ್ಲಿ ಕಾಲಿಟ್ಟು, ಕಂಬಿ ಹಿಡಿದು ಏರಬೇಕಾದ ಜಾಗಗಳಿವೆ. ಅಲ್ಲಿ ಎರಡು ಕೈಯೂ ನಿಮಗೇ ಬೇಕು. ರಿಮೋಟು ಕೊರಳಿಗೆ ನೇತುಹಾಕಿಕೊಂಡು ಹತ್ತುವವರನ್ನು ಕಂಡರೆ ನೋಡುವವರ ಎದೆ ಝಲ್ ಎನ್ನುತ್ತದೆ. ಬ್ಯಾಗಿನಲ್ಲಿಟ್ಟು ಹತ್ತಿ, ಸಮತಟ್ಟು ಜಾಗದಲ್ಲಿ ಕೂತು ಸುಧಾರಿಸಿಕೊಂಡು ಆಮೇಲೆ ತೆಗೆಯಿರಿ. ಮಳೆ ಹನಿ ಬಿದ್ದ ಬಂಡೆಯ ಮೇಲೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಕತ್ತಲಾಗುವ ಮುಂಚೆ ಕೆಳಗಿರಿ. ಸೂರ್ಯಾಸ್ತದ ಚಿತ್ರ ಬೇಕೆನ್ನುವವರು ಅದನ್ನು ಬೆಟ್ಟದ ಬುಡದಿಂದಲೇ ತೆಗೆಯಿರಿ. ನನ್ನ ಕಣ್ಣಿಗೆ ಅದೇ ಚಂದ. ಬೆಟ್ಟದ ತಲೆಯ ಮೇಲೆ ಗಿರಗಿರ ಸುತ್ತಿಸಿ ತೆಗೆದ ವಿಡಿಯೋಗಳೆಲ್ಲ ಒಂದೇ ಥರ ಕಾಣುತ್ತವೆ. ಊರು, ಹೊಲ, ಕೆರೆ ಎಲ್ಲದರ ನಡುವೆ ಆ ಒಂದೇ ಕಲ್ಲು ಹೇಗೆ ಎದ್ದು ನಿಂತಿದೆ ಎನ್ನುವುದು ದೂರದಿಂದ ನೋಡಿದರಷ್ಟೇ ತಿಳಿಯುತ್ತದೆ.

ಕಂಬಿ, ಸರಳು, ಕಾರಿನ ಬಾನೆಟ್ಟಿನ ಪಕ್ಕದಲ್ಲಿ ಡ್ರೋನ್ ಇಟ್ಟು ದಿಕ್ಸೂಚಿ ಸರಿಪಡಿಸಬೇಡಿ. ಕಬ್ಬಿಣದ ಹತ್ತಿರ ದಿಕ್ಸೂಚಿ ದಾರಿ ತಪ್ಪುತ್ತದೆ. ದಿಕ್ಕು ತಪ್ಪಿದ ಡ್ರೋನ್ ಏರಿದ ಕೂಡಲೇ ತನ್ನಷ್ಟಕ್ಕೆ ಓರೆಯಾಗಿ ಸುತ್ತಲು ಶುರುಮಾಡುತ್ತದೆ. ಕೋಟೆಯ ಮೇಲೆ ಅದು ಹೋಗಿ ಬೀಳುವುದು ಪ್ರಪಾತಕ್ಕೆ.

ಎತ್ತರದ ಲೆಕ್ಕ ತಪ್ಪುವುದು ಇಲ್ಲೇ

ಸಮುದ್ರದ ದಂಡೆಯಲ್ಲಿ ನೆಲ ಸಮ. ಪರದೆ 100 ಮೀಟರ್ ಎಂದರೆ 100 ಮೀಟರ್. ನಮ್ಮಲ್ಲಿ ಹಾಗಲ್ಲ. ಪರದೆಯ ಮೇಲಿನ ಅಂಕಿ ನೀವು ಡ್ರೋನ್ ಎಬ್ಬಿಸಿದ ಜಾಗದಿಂದ ಎಣಿಸಿದ್ದು, ಡ್ರೋನಿನ ನೇರ ಕೆಳಗಿರುವ ನೆಲದಿಂದ ಎಣಿಸಿದ್ದಲ್ಲ. ನಿಯಮ ಕೇಳುವುದು ನೆಲದಿಂದ ಎಷ್ಟು ಎಂದು.

ಮಧುಗಿರಿ ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 1,193 ಮೀಟರ್ ಎತ್ತರದಲ್ಲಿದೆ. ಬುಡದ ಊರಿಗಿಂತ ಅಂದಾಜು 400 ಮೀಟರ್ ಮೇಲೆ. ತುದಿಯ ಗೋಪಾಲಕೃಷ್ಣ ಗುಡಿಯ ಹತ್ತಿರ ನಿಂತು ಡ್ರೋನನ್ನು 20 ಮೀಟರ್ ಎಬ್ಬಿಸಿ ಎನ್ನಿ. ಪರದೆಯಲ್ಲಿ 20 ಎಂದೇ ಇದೆ, ಮನಸ್ಸು ನಿರಾಳ. ಕಡ್ಡಿ ಮುಂದಕ್ಕೆ ಒತ್ತಿ ಬಂಡೆಯ ಅಂಚು ದಾಟಿಸಿದಿರೋ, ಪರದೆಯಲ್ಲಿ ಈಗಲೂ 20ರ ಅಂಕಿಯೇ. ಆದರೆ ಡ್ರೋನಿನ ಕೆಳಗೆ ಈಗ ನೆಲವೇ ಇಲ್ಲ. ಊರಿನ ಮನೆಗಳಿಂದ ನೋಡಿದರೆ ಅದು 400 ಮೀಟರ್ ಮೇಲಿದೆ. ಒಂದೇ ನಿಮಿಷದಲ್ಲಿ, ಅಂಕಿ ಬದಲಾಗದೆ, ಮಿತಿಯನ್ನು ಮೂರು ಪಟ್ಟು ಮೀರಿದಿರಿ.

ತುದಿಯಿಂದ ಎಬ್ಬಿಸಿದರೆ ಅಂಚು ದಾಟಿಸಬೇಡಿ. ಮಿತಿಯ ಮೇಲಿನ ಆಕಾಶ ಹಳದಿ ವಲಯ, ದಾಟಿಸಲೇಬೇಕಾದರೆ ಅದಕ್ಕೆ ಅನುಮತಿ ತೆಗೆದುಕೊಳ್ಳಿ.

ಕೆಳಗಿನಿಂದ ಎಬ್ಬಿಸುವವರ ಕಷ್ಟ ಬೇರೆ. ಡ್ರೋನ್ ಬಂಡೆಯ ಆಚೆ ಬದಿಗೆ ಹೋದ ಕೂಡಲೇ ಸಿಗ್ನಲ್ ಕಡಿದುಹೋಗುತ್ತದೆ. ಇಷ್ಟು ದಪ್ಪ ಕಲ್ಲನ್ನು ತೂರಿ ಬರುವ ರೇಡಿಯೋ ನಿಮ್ಮ ಕೈಯಲ್ಲಿಲ್ಲ. ಸಿಗ್ನಲ್ ಹೋದರೆ ಡ್ರೋನ್ ತಾನಾಗಿ ಮನೆಗೆ ಮರಳುತ್ತದೆ ಎಂದು ಅಂಗಡಿಯವನು ಹೇಳಿದ್ದು ಸರಿ. ಆದರೆ ನೀವು ಮೊದಲೇ ಹೊಂದಿಸಿದ ಎತ್ತರಕ್ಕೆ ಏರಿ ನೇರ ಗೆರೆಯಲ್ಲಿ ಮರಳುತ್ತದೆ. ಆ ಎತ್ತರ 30 ಮೀಟರ್ ಎಂದಿದ್ದು, ನಡುವೆ ಬೆಟ್ಟ ನಿಂತಿದ್ದರೆ? ನೇರ ಗೆರೆ ಬಂಡೆಯೊಳಗೆ ಹಾದುಹೋಗುತ್ತದೆ. ಎದುರಿನ ಅಡ್ಡಿ ನೋಡಬಲ್ಲ ಕಣ್ಣು ಎಲ್ಲ ಡ್ರೋನ್‌ಗಳಿಗೂ ಇರುವುದಿಲ್ಲ. ಆದ್ದರಿಂದ ಡ್ರೋನ್ ಸದಾ ಕಣ್ಣಿಗೆ ಕಾಣುವಂತೆ ಇರಲಿ. ಪರದೆಯಲ್ಲಿ ಕಂಡರೆ ಸಾಲದು, ಆಕಾಶದಲ್ಲಿ ಕಾಣಬೇಕು. ಬೆಟ್ಟದ ಆಚೆ ಬದಿ ಬೇಕಿದ್ದರೆ ಸ್ಕೂಟರು ಹತ್ತಿ ಆಚೆ ಬದಿಗೇ ಹೋಗಿ.

ಗಾಳಿ, ಬಿಸಿಲು, ಸಿಡಿಲು

ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ. ಮಳೆಯನ್ನೆಲ್ಲ ಪಶ್ಚಿಮ ಘಟ್ಟದಲ್ಲೇ ಸುರಿದು ಒಣಗಿದ ಗಾಳಿ ನಮ್ಮ ಕಡೆ ಬೀಸುತ್ತದೆ. ಆಷಾಢದ ಗಾಳಿ ಎಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಚಿತ್ರದುರ್ಗದ ಬೆಟ್ಟಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಇದನ್ನೇ ನಂಬಿ. ಹೆಸರುವಾಸಿ 249 ಗ್ರಾಂ ಮಾದರಿಗಳಿಗೆ ತಯಾರಕರೇ ಕೊಟ್ಟಿರುವ ಮಿತಿ ಸೆಕೆಂಡಿಗೆ 10.7 ಮೀಟರ್, ಅಂದರೆ ಗಂಟೆಗೆ ಸುಮಾರು 38 ಕಿಲೋಮೀಟರ್ ಗಾಳಿ. ಬುಡದ ಹುಣಸೆ ಮರದಡಿ ಎಲೆ ಅಲುಗದ ದಿನವೂ ಬೆಟ್ಟದ ತುದಿಯಲ್ಲಿ ಟೋಪಿ ನಿಲ್ಲುವುದಿಲ್ಲ. ಕೆಳಗಿನ ಗಾಳಿ ನೋಡಿ ಮೇಲಿನದನ್ನು ಅಳೆಯಬೇಡಿ.

ಮೊದಲು ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯ ಜತೆ ಬನ್ನಿ. ಉಲ್ಟಾ ಮಾಡಿದವರೇ ಡ್ರೋನ್ ಕಳೆದುಕೊಳ್ಳುವುದು. ಗಾಳಿಯ ಜತೆ ಸರಾಗವಾಗಿ ಒಂದು ಕಿಲೋಮೀಟರ್ ಹೋಗಿ, ವಾಪಸ್ ತಿರುಗಿಸಿದಾಗ ಅದು ನಿಂತಲ್ಲೇ ನಿಂತು ಬ್ಯಾಟರಿ ತಿನ್ನುತ್ತದೆ. ನೀವು ಇತ್ತ ಕಡ್ಡಿ ಒತ್ತುತ್ತ ನಿಂತಿರುತ್ತೀರಿ, ಅತ್ತ ಅದು ಯಾರದೋ ಕಡಲೆಕಾಯಿ ಹೊಲದಲ್ಲಿ ಇಳಿದಿರುತ್ತದೆ. ಬಯಲಿನಲ್ಲಿ ಬ್ಯಾಟರಿ ಶೇಕಡ 30ಕ್ಕೆ ಬಂದಾಗ ತಿರುಗಿಸಿದರೆ ಸಾಕು ಎನ್ನುತ್ತಾರೆ. ಆಷಾಢದಲ್ಲಿ ಬೆಟ್ಟದ ಹತ್ತಿರ ಅರ್ಧಕ್ಕೇ ತಿರುಗಿಸಿ.

ಬೆಟ್ಟದ ಪೂರ್ವ ಮಗ್ಗುಲಿಗೆ ಮುಂಗಾರಿನಲ್ಲಿ ಹೋಗಲೇಬೇಡಿ. ಪಡುವಣ ಗಾಳಿ ಪಶ್ಚಿಮದ ಮುಖಕ್ಕೆ ಬಡಿದು, ಮೇಲೇರಿ, ತುದಿ ದಾಟಿ, ಆಚೆ ಬದಿಯಲ್ಲಿ ಸುಳಿಯಾಗಿ ಕೆಳಗೆ ಬೀಳುತ್ತದೆ. ನೋಡುವುದಕ್ಕೆ ಗಾಳಿ ಇಲ್ಲದ ಮರೆ ಜಾಗ. ಅಲ್ಲಿ ಹೋದ ಸಣ್ಣ ಡ್ರೋನನ್ನು ಯಾರೋ ಮೇಲಿಂದ ಅದುಮಿದ ಹಾಗೆ ಬಂಡೆಗೆ ತಳ್ಳುತ್ತದೆ.

ಆಷಾಢ ಎಂದರೆ ಗಾಳಿಪಟದ ಕಾಲವೂ ಹೌದು. ಊರ ಹೊರಗಿನ ಬಯಲಲ್ಲಿ ಹುಡುಗರು ಪಟ ಬಿಟ್ಟಿರುತ್ತಾರೆ. ಪಟ ಕಾಣುತ್ತದೆ, ದಾರ ಕಾಣುವುದಿಲ್ಲ. ಆ ಬಯಲು ಹುಡುಗರದು, ನೀವು ಬೇರೆ ಕಡೆ ಹೋಗಿ.

ಮಾರ್ಚ್‌ನಿಂದ ಮೇವರೆಗೆ ನಡುಹಗಲಲ್ಲಿ ಹಾರಿಸಬೇಡಿ. ಉತ್ತ ಹೊಲದ ಮೇಲೆ ಸುಂಟರಗಾಳಿ ಏಳುತ್ತದೆ. ಧೂಳು ತರಗೆಲೆ ಕಂಡರೆ ಪುಣ್ಯ, ಕಲ್ಲು ನೆಲದ ಮೇಲೆ ಅದು ಕಾಣುವುದೂ ಇಲ್ಲ. ಹೆಚ್ಚಿನ ಡ್ರೋನ್‌ಗಳಿಗೆ ತಯಾರಕರು ಹೇಳಿರುವ ಬಿಸಿಯ ಮಿತಿ 40 ಡಿಗ್ರಿ. ಏಪ್ರಿಲ್‌ನ ಪಾವಗಡದಲ್ಲಿ ಕಾದ ಬಂಡೆಯ ಮೇಲೆ ಇಟ್ಟ ಡ್ರೋನ್ ಎಬ್ಬಿಸುವ ಮೊದಲೇ ಆ ಮಿತಿ ದಾಟಿರುತ್ತದೆ. ಗೋಣಿಚೀಲವೋ ಚಾಪೆಯೋ ಹಾಸಿ ಅದರ ಮೇಲಿಂದ ಎಬ್ಬಿಸಿ, ಇಳಿಸುವುದೂ ಅದರ ಮೇಲೇ. ಧೂಳು ಮೋಟಾರಿಗೆ ಹೋಗುವುದೂ ತಪ್ಪುತ್ತದೆ. ಬ್ಯಾಟರಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಬಿಸಿಯಿರುವಾಗಲೇ ಚಾರ್ಜಿಗೆ ಹಾಕಬೇಡಿ. ಹೊಟ್ಟೆ ಊದಿದ ಬ್ಯಾಟರಿಯನ್ನು ಒತ್ತಿ ಕೂರಿಸಿ ‘ಇನ್ನೊಂದು ಸಲ’ ಎನ್ನಬೇಡಿ.

ಇನ್ನು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಮೂರು ಗಂಟೆಗೆ ನಿರ್ಮಲವಾಗಿದ್ದ ಆಕಾಶದಲ್ಲಿ ನಾಲ್ಕಕ್ಕೆ ಕಟ್ಟಿಕೊಂಡು ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮತ್ತೆ ಇದೇ ಕಥೆ. ಸುತ್ತ ಹತ್ತು ಮೈಲಿಯಲ್ಲಿ ಅತಿ ಎತ್ತರದ ಬೋಳು ಬಂಡೆಯ ಮೇಲೆ ನಿಂತಿರುವುದು ನೀವು. ಮಿಂಚು ಕಂಡ ಮೇಲೆ ಎಣಿಸಿ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ನಿಮಗೆ ತಾಗುವಷ್ಟು ಹತ್ತಿರವಿದೆ. ಡ್ರೋನ್ ಕೈಯಲ್ಲಿದ್ದರೆ ಸರಿ, ದೂರದಲ್ಲಿದ್ದರೆ ವಾಪಸ್ ಕರೆಯುವ ಗುಂಡಿ ಒತ್ತಿ ನೀವು ಇಳಿಯಲು ಶುರುಮಾಡಿ. ಅದು ಬಂದರೆ ಬಂತು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಮೇಲೆ ಹೋಗಬೇಡಿ. ತುದಿಯ ಪಾಳು ಮಂಟಪ, ಒಂಟಿ ಮರ, ಕಂಬಿಯ ಸಾಲು, ಯಾವುದೂ ಆಸರೆಯಲ್ಲ. ಪುಣೆಯ ಹವಾಮಾನ ಸಂಸ್ಥೆ ಮಾಡಿರುವ ದಾಮಿನಿ ಆಪ್ ಸಿಡಿಲಿನ ಮುನ್ನೆಚ್ಚರಿಕೆ ಕೊಡುತ್ತದೆ. ಫೋನಿನಲ್ಲಿ ಇಟ್ಟುಕೊಳ್ಳಿ. ಹವಾಮಾನ ಇಲಾಖೆ ತುಮಕೂರು ಜಿಲ್ಲೆಗೆ ಕಿತ್ತಳೆ ಎಚ್ಚರಿಕೆ ಕೊಟ್ಟ ದಿನ ಮನೆಯಲ್ಲಿರಿ.

ಹೆಜ್ಜೇನು

ಕೊರಟಗೆರೆಯ ಸಿದ್ಧರಬೆಟ್ಟ, ಮಧುಗಿರಿ, ಚನ್ನರಾಯನದುರ್ಗ, ಎಲ್ಲೆಲ್ಲಿ ಬಂಡೆ ಮುಂದಕ್ಕೆ ಚಾಚಿ ಕೆಳಗೆ ನೆರಳು ಮಾಡಿದೆಯೋ ಅಲ್ಲಿ ತಲೆಯೆತ್ತಿ ನೋಡಿ. ಎಬ್ಬಿಸುವ ಮೊದಲು ನೋಡಿ, ಬೈನಾಕ್ಯುಲರ್ ಇದ್ದರೆ ಅದರಲ್ಲಿ ನೋಡಿ. ಕಪ್ಪಗೆ, ಅರ್ಧಚಂದ್ರದ ಆಕಾರದಲ್ಲಿ, ಮೊರದಷ್ಟು ಅಗಲ ಜೋತುಬಿದ್ದಿರುವುದು ನೆರಳೂ ಅಲ್ಲ, ನೀರು ಇಳಿದ ಕಲೆಯೂ ಅಲ್ಲ. ಹತ್ತಿರ ಏನಾದರೂ ಹಾರಿದರೆ ಅದರ ಮೈಮೇಲೆ ಒಂದು ಅಲೆ ಓಡುತ್ತದೆ. ಒಂದು ಮೂಲೆಯ ಹುಳುಗಳು ಹಿಂಭಾಗ ಎತ್ತಿ ಇಳಿಸುತ್ತವೆ, ಪಕ್ಕದವು ಅದನ್ನೇ ಮಾಡುತ್ತವೆ, ಕಣ್ಣು ಮಿಟುಕಿಸುವುದರಲ್ಲಿ ಇಡೀ ತಟ್ಟಿಯ ಮೇಲೆ ಮಿನುಗು ಹಾದುಹೋಗಿರುತ್ತದೆ. ಕಣಜವನ್ನು ಹೆದರಿಸಲು ಹೆಜ್ಜೇನು ಬಳಸುವ ಉಪಾಯ ಅದು. ಪರದೆಯ ಮೇಲೆ ಆ ಅಲೆ ನಿಮಗೆ ಕಂಡರೆ ನೀವು ಆಗಲೇ ತೀರಾ ಹತ್ತಿರ ಹೋಗಿದ್ದೀರಿ. ‘ಎಂಥಾ ಶಾಟ್’ ಎಂದು ಇನ್ನೂ ಮುಂದೆ ಹೋಗಬೇಡಿ. ನಿಧಾನವಾಗಿ ಹಿಂದಕ್ಕೆ ಎಳೆಯಿರಿ.

ಎಳೆಯುವುದು ಎತ್ತ ಎನ್ನುವುದೂ ಮುಖ್ಯ. ಜನ ಹತ್ತುವ ಮೆಟ್ಟಿಲ ಮೇಲಿಂದ, ಗುಹೆಯ ಬಾಗಿಲ ಮೇಲಿಂದ ತರಬೇಡಿ. ಜೇನು ಎದ್ದರೆ ಡ್ರೋನಿಗೆ ಏನೂ ಆಗುವುದಿಲ್ಲ, ಅದು ಪ್ಲಾಸ್ಟಿಕ್ಕು. ಕಚ್ಚಿಸಿಕೊಳ್ಳುವುದು ಹರಕೆ ತೀರಿಸಲು ಮೊಮ್ಮಗುವನ್ನು ಎತ್ತಿಕೊಂಡು ಹತ್ತುತ್ತಿರುವ ಅಜ್ಜಿ. ಕಡಿದಾದ ಮೆಟ್ಟಿಲ ಮೇಲೆ ಅವರು ಓಡುವುದೆಲ್ಲಿಗೆ? ಸಿದ್ಧರಬೆಟ್ಟದಂಥ ಕಡೆ ಭಕ್ತರು ಹತ್ತುತ್ತಿರುವ ಹೊತ್ತಿನಲ್ಲಿ ಬಂಡೆಯ ಮುಖದ ಹತ್ತಿರ ಡ್ರೋನ್ ಒಯ್ಯಬೇಡಿ. ಈ ಸೂಚನೆಯಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ.

ಜೇನು ಎದ್ದರೆ, ಎಲ್ಲರಿಗೂ ಕೂಗಿ ಹೇಳಿ. ತಲೆ, ಮುಖ ಬಟ್ಟೆಯಿಂದ ಮುಚ್ಚಿಕೊಂಡು ಕೈ ಬೀಸದೆ ದೂರ ಸರಿಯಿರಿ. ಹೊಗೆ ಹಾಕಲು ಹೋಗಬೇಡಿ. ಹಲವು ಕಡೆ ಕಚ್ಚಿದ್ದರೆ, ಉಸಿರು ಕಟ್ಟಿದಂತಾದರೆ 108ಕ್ಕೆ ಕರೆ ಮಾಡಿ.

ಹಕ್ಕಿ ಮತ್ತು ಕೃಷ್ಣಮೃಗ

ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಡ್ರೋನ್ ಹಾರಿಸಬೇಡಿ. ಇದಕ್ಕೆ ವಿನಾಯಿತಿ ಇಲ್ಲ, ಎಷ್ಟು ಎತ್ತರ ಎಂಬ ಚೌಕಾಸಿಯೂ ಇಲ್ಲ. ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟುತ್ತವೆ. ಊರಿನವರು ಹುಣಸೆಹಣ್ಣಿನ ಆಸೆ ಬದಿಗಿಟ್ಟು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಡ್ರೋನಿನ ಸದ್ದಿಗೆ ತಾಯಿ ಹಕ್ಕಿ ದಡಬಡಿಸಿ ಎದ್ದರೆ ಮೊಟ್ಟೆ ಉರುಳುತ್ತದೆ, ಮರಿ ಕೆಳಗೆ ಬೀಳುತ್ತದೆ, ಅದೂ ಇಲ್ಲದಿದ್ದರೆ ಬರಿ ಬಿಸಿಲಲ್ಲಿ ಬೇಯುತ್ತದೆ. ರಸ್ತೆಯಲ್ಲಿ ನಿಂತು ತಲೆಯೆತ್ತಿದರೆ ಗೂಡು ಕಾಣುತ್ತದೆ, ಟೆಲಿ ಲೆನ್ಸ್ ಇದ್ದರೆ ಮರಿಯ ಕೊಕ್ಕೂ ಕಾಣುತ್ತದೆ. ಆಕಾಶದಿಂದ ನೋಡುವ ಅಗತ್ಯ ಯಾರಿಗಿದೆ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು 798 ಎಕರೆ, 2007ರಲ್ಲಿ ಘೋಷಣೆಯಾದದ್ದು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಚಿಂಕಾರ ಅಭಯಾರಣ್ಯ 2019ರದು. ಎರಡೂ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಡ್ರೋನ್ ಬ್ಯಾಗಿನಿಂದ ಹೊರಗೆ ತೆಗೆಯಲೂ ಬೇಡಿ. ಹುಲ್ಲುಗಾವಲಿನಲ್ಲಿ ಜಿಂಕೆಗಳ ಹಿಂಡು ಓಡುವ ದೃಶ್ಯ ಚಂದವೇ. ಆದರೆ ಅವು ಓಡುತ್ತಿರುವುದು ಹೆದರಿ, ಮತ್ತು ಹೆದರಿಸಿದ್ದು ನೀವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ನಿಮ್ಮ ವಿಡಿಯೋವೇ ಸಾಕ್ಷಿ.

ಹದ್ದು ಡ್ರೋನಿನ ಮೇಲೆ ಎರಗಲು ಬಂದರೆ ಪಕ್ಕಕ್ಕೆ ಓಡಿಸಬೇಡಿ, ಅದು ನಿಮಗಿಂತ ಜೋರು. ಆ ಜಾಗ ಬಿಟ್ಟು ಇಳಿಸಿ. ಅಲ್ಲೆಲ್ಲೋ ಅದರ ಗೂಡಿದೆ.

ಗುಡಿ, ಜಾತ್ರೆ, ಹಿತ್ತಲು

ಗೊರವನಹಳ್ಳಿ ಮಹಾಲಕ್ಷ್ಮಿಯ ಗುಡಿಗೆ ಶುಕ್ರವಾರ, ಪಾವಗಡದ ಶನಿಮಹಾತ್ಮನ ಗುಡಿಗೆ ಶನಿವಾರ, ಅದರಲ್ಲೂ ಶ್ರಾವಣದಲ್ಲಿ, ಜನ ಕಿಕ್ಕಿರಿದಿರುತ್ತಾರೆ. ಜನದ ತಲೆಯ ಮೇಲೆ ಹಾರಿಸಬೇಡಿ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೂ ಇದೇ ಮಾತು. ತೇರಿನ ನೇರ ಮೇಲಿಂದ ತೆಗೆದ ಚಿತ್ರಕ್ಕೆ ನೂರು ಮೆಚ್ಚುಗೆ ಬರಬಹುದು. ರೆಕ್ಕೆಯೊಂದು ಮುರಿದರೆ ಅರ್ಧ ಕಿಲೋ ಭಾರ ಬೀಳುವುದು ಹಗ್ಗ ಹಿಡಿದವರ ತಲೆಯ ಮೇಲೆ. ದೇವಸ್ಥಾನದ ಆಡಳಿತ, ಠಾಣೆ ಎರಡೂ ಕಡೆ ಒಪ್ಪಿಗೆ ಪಡೆದು, ಜನದಿಂದ ಪಕ್ಕಕ್ಕೆ ಸರಿದು, ಓರೆಯಿಂದ ತೆಗೆಯಿರಿ.

ಹಳ್ಳಿಯ ಮನೆಗಳಿಗೆ ಸ್ನಾನದ ಮನೆ ಹಿತ್ತಲಲ್ಲಿರುತ್ತದೆ, ಎಷ್ಟೋ ಕಡೆ ಅದಕ್ಕೆ ಸೂರಿರುವುದಿಲ್ಲ. ಊರ ಮೇಲೆ ತಗ್ಗಿನಲ್ಲಿ ಹಾರಿಸಬೇಡಿ. ಹೆಣ್ಣುಮಕ್ಕಳ ಖಾಸಗಿ ಕ್ಷಣ ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಅಪರಾಧ. ‘ಬೇಕಂತ ತೆಗೆದಿದ್ದಲ್ಲ’ ಎಂದು ಊರವರ ಮುಂದೆ ನಿಂತು ಹೇಳುವ ಪರಿಸ್ಥಿತಿ ಯಾಕೆ ತಂದುಕೊಳ್ಳುತ್ತೀರಿ? ಊರಿಗೆ ಬಂದ ಕೂಡಲೇ ಅರಳಿಕಟ್ಟೆಯ ಮೇಲೆ ಕೂತ ಹಿರಿಯರ ಹತ್ತಿರ ಹೋಗಿ, ‘ಯಜಮಾನ್ರೇ, ಕೆರೆ ಕಡೆ ಒಂದು ಫೋಟೋ ತೆಗೀಬೇಕಿತ್ತು, ತೆಗೀಬಹುದಾ?’ ಎಂದು ಕೇಳಿ. ಅವರು ಬೇಡ ಎನ್ನುವುದು ಅಪರೂಪ. ಕೇಳದೆ ಹಾರಿಸಿದವರನ್ನು ಕಳ್ಳರೆಂದು ಹಿಡಿದು ಕೂರಿಸುವುದು ಅಷ್ಟು ಅಪರೂಪವಲ್ಲ.

ತಿರುಮಣಿಯ ಗಾಜಿನ ಬಯಲು

ಪಾವಗಡದ ಸೋಲಾರ್ ಪಾರ್ಕಿನ ಹೆಸರು ಶಕ್ತಿ ಸ್ಥಳ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ರೈತರು ಭೂಮಿ ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಹಾಗಂತ ಹೊಲದ ಒಡೆಯರ ಒಪ್ಪಿಗೆ ತಂದರೆ ಡ್ರೋನ್ ಹಾರಿಸಲು ಸಾಲದು. ಬೇಲಿಯೊಳಗಿನದಕ್ಕೆ ಪಾರ್ಕಿನ ಆಡಳಿತವನ್ನು ಕೇಳಿ.

ಹೈ ಟೆನ್ಷನ್ ತಂತಿ, ಸಬ್‌ಸ್ಟೇಷನ್ ಹತ್ತಿರ ಹೋಗಬೇಡಿ. ಫಲಕಗಳ ಮೇಲೆ ತಗ್ಗಿನಲ್ಲಿ ಹಾರಿಸಬೇಡಿ, ಹೊಳಪಿಗೆ ಕೆಳಗಿನ ಸಂವೇದಕ ಮೋಸಹೋಗುತ್ತದೆ. ಬಿದ್ದರೆ ಬೇಲಿ ಹಾರಿ ಎತ್ತಿಕೊಳ್ಳಲು ಹೋಗಬೇಡಿ. ಬಿಸಿಲಿರುವಷ್ಟು ಹೊತ್ತೂ ಫಲಕ ವಿದ್ಯುತ್ ಹುಟ್ಟಿಸುತ್ತಲೇ ಇರುತ್ತದೆ, ಯಾವ ಸ್ವಿಚ್ಚು ಆರಿಸಿದರೂ ಬಿಸಿಲು ಆರುವುದಿಲ್ಲ. ಒಡೆದ ಫಲಕ ಮುಟ್ಟಿದರೆ ಶಾಕ್ ಹೊಡೆಯುತ್ತದೆ.

ನೀರಿನ ಮೇಲೆ, ಕಡಲ ಕಡೆ

ತೀತಾ ಜಲಾಶಯ, ಶಿರಾ ದೊಡ್ಡ ಕೆರೆ, ಮಳೆ ಬಂದ ವರ್ಷದ ಕೋಡಿ, ಇವುಗಳ ಮೇಲೆ ನೀರಿಗೆ ತಾಗುವ ಹಾಗೆ ಹಾರಿಸಬೇಡಿ. ಕೆಳಗಿನ ಕ್ಯಾಮೆರಾ ಅಲುಗುವ ನೀರನ್ನು ನೆಲ ಎಂದು ಓದಲಾರದೆ ಡ್ರೋನನ್ನು ಇಳಿಸಿಬಿಡುತ್ತದೆ.

ಪ್ರಿ-ವೆಡ್ಡಿಂಗ್ ಎಂದು ಗೋಕರ್ಣ, ಮಲ್ಪೆಗೆ ಹೊರಡುವ ನಮ್ಮ ಹುಡುಗರಿಗೆ ಎರಡೇ ಮಾತು. ಕಾರವಾರದಲ್ಲಿ ನೌಕಾನೆಲೆ ಇದೆ, ನಕ್ಷೆ ನೋಡದೆ ಬ್ಯಾಗ್ ತೆರೆಯಬೇಡಿ. ದೋಣಿಯಿಂದ ಎಬ್ಬಿಸಿದ ಡ್ರೋನಿನ ‘ಮನೆ’ ದೋಣಿಯಲ್ಲ, ಎಬ್ಬಿಸಿದಾಗ ದೋಣಿ ಇದ್ದ ಜಾಗ. ದೋಣಿ ಮುಂದೆ ಹೋಗಿರುತ್ತದೆ, ಡ್ರೋನ್ ನೀರಿಗೆ ಇಳಿಯುತ್ತದೆ. ವಾಪಸ್ ಬಂದ ಮೇಲೆ ಉಪ್ಪಿನ ಪಸೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ ಇಡಿ.

ಬಿದ್ದ ಮೇಲೆ

ಡ್ರೋನ್ ಬೆಟ್ಟದ ಪೊದೆಯಲ್ಲಿ ಬಿದ್ದರೆ ಒಬ್ಬರೇ ಹುಡುಕಲು ಹೋಗಬೇಡಿ. ನಮ್ಮ ಬೆಟ್ಟಗಳಲ್ಲಿ ಕರಡಿ, ಚಿರತೆ ಇವೆ, ಸಂಜೆಯ ಮೇಲಂತೂ ಕಾಲಿಡಬೇಡಿ. ಕೊನೆಯ ಸ್ಥಾನ ಪರದೆಯಲ್ಲಿ ಕಾಣುತ್ತದೆ, ಅದರ ಫೋಟೋ ತೆಗೆದಿಟ್ಟುಕೊಂಡು ಮರುದಿನ ಬೆಳಕಿನಲ್ಲಿ, ಊರಿನವರನ್ನು ಜತೆಗೆ ಕರೆದುಕೊಂಡು ಹೋಗಿ. ಅರಣ್ಯದ ಜಾಗವಾದರೆ ಇಲಾಖೆಗೆ ಹೇಳಿ ಹೋಗಿ. ಕಡಿದಾದ ಬಂಡೆಯ ಕೆಳಗೆ ಬಿದ್ದಿದ್ದರೆ ಆಸೆ ಬಿಡಿ.

ಯಾರದಾದರೂ ಬೆಳೆ, ಸೂರು, ವಾಹನ ಹಾಳಾದರೆ ನಿಂತು ಮಾತಾಡಿ, ನಷ್ಟ ಕಟ್ಟಿಕೊಡಿ. ಜನರಿಗೆ ಪೆಟ್ಟಾದರೆ ಮೊದಲು 112. ಅಪಘಾತವಾದ 48 ಗಂಟೆಯೊಳಗೆ ಸರ್ಕಾರದ ಡ್ರೋನ್ ಪೋರ್ಟಲ್‌ನಲ್ಲಿ ವರದಿ ಮಾಡುವುದು ಕಡ್ಡಾಯ.